ಸರಿಯಾದ ವಯಸ್ಸು ನಮೂದಿಸಿ

ಮಾರ್ಚ್ 4, ಸಂಜೆ

ಸ್ಮಶಾನದ ಫಾರ್ಮ್ ಇವತ್ತಿನಿಂದ ಚಾಲೂ. ನಗರಸಭೆಯ ವೆಬ್‌ಸೈಟಿಗೆ ನಾನು ಮಾಡಿಕೊಟ್ಟ ಏಳನೆಯದು. ಹೆಸರು, ವಿಳಾಸ, ತೀರಿಕೊಂಡ ದಿನ, ವಯಸ್ಸು, ಕೊನೆಗೆ ಟಿಪ್ಪಣಿಗೆಂದು ಷರಾ ಕಾಲಮ್ಮು. ವಯಸ್ಸಿಗೆ ಹೊಸದಾಗಿ ಏನೂ ಬರೆಯಲಿಲ್ಲ. ಈಜುಕೊಳದ ಸದಸ್ಯತ್ವದ ಫಾರ್ಮಿನಿಂದಲೇ ಎತ್ತಿ ಇಟ್ಟೆ. ಒಂದರಿಂದ ನೂರಿಪ್ಪತ್ತು, ಬರೀ ಪೂರ್ಣಾಂಕ. ಬೇರೇನು ಹಾಕಿದರೂ ಕೆಂಪಕ್ಷರದಲ್ಲಿ 'ಸರಿಯಾದ ವಯಸ್ಸು ನಮೂದಿಸಿ'. ಹತ್ತು ನಿಮಿಷದ ಕೆಲಸ. ಮ್ಯಾನೇಜರ್ ಭೇಷ್ ಎಂದರು. ನಾಳೆಯಿಂದ ಗ್ರಂಥಾಲಯದ್ದು.

ಮಾರ್ಚ್ 12

ದೊಡ್ಡಪ್ಪನ ಫೋನು. ಸ್ಮಶಾನದ ಗುಮಾಸ್ತರು, ಇಡೀ ಕಚೇರಿಗೆ ದೊಡ್ಡಪ್ಪ. ಮೂವತ್ತು ವರ್ಷ ದಪ್ಪ ರಿಜಿಸ್ಟರಿನಲ್ಲಿ ಬರೆದವರು. ಈಗ ಒಂದೇ ಬೆರಳಲ್ಲಿ ಕೀಬೋರ್ಡ್ ಕುಟ್ಟುತ್ತಾರೆ.

"ಕಂಪ್ಯೂಟರಮ್ಮಾ, ನಿನ್ನ ಪೆಟ್ಟಿಗೆ ಸೊನ್ನೆ ತಗೊಳ್ತಿಲ್ಲ. ಕೆಂಪಗೆ ಬೈತಾ ಇದೆ."

"ಸೊನ್ನೆ ಯಾಕೆ ಹಾಕ್ತೀರಿ ದೊಡ್ಡಪ್ಪಾ?"

"ನಿನ್ನೆ ಹುಟ್ಟಿದ್ದು. ನಿನ್ನೇನೇ ಹೋಯ್ತು. ಅದರಪ್ಪ ಇಲ್ಲೇ ನಿಂತಿದ್ದಾನೆ."

ನನ್ನ ಮುಂದೆ ಗ್ರಂಥಾಲಯದ ಫಾರ್ಮ್ ಅರ್ಧಂಬರ್ಧ. ಸಂಜೆಗೆ ತೋರಿಸಬೇಕಿತ್ತು. "ಸದ್ಯಕ್ಕೆ ಒಂದು ಅಂತ ಹಾಕಿ ಕಳಿಸಿ. ಆಮೇಲೆ ಸರಿ ಮಾಡ್ತೀನಿ."

"ಒಂದು ಅಂದ್ರೆ ಒಂದು ವರ್ಷ ಆಗುತ್ತಲ್ಲ?"

"ಹಾಕಿ ದೊಡ್ಡಪ್ಪಾ, ನಾನಿದ್ದೀನಲ್ಲ."

ಮಾರ್ಚ್ 30

ಗ್ರಂಥಾಲಯ ಮುಗಿಯಿತು. ಅಮ್ಮನ ಕನ್ನಡಕ ರಿಪೇರಿಯಾಗಿ ಬಂತು. ಸ್ಮಶಾನದ್ದೇನೋ ಬಾಕಿ ಇತ್ತು... ತಲೆಗೆ ಹೊಳೆಯುತ್ತಿಲ್ಲ. ಮುಂದಿನ ವಾರ ನೋಡಿದರಾಯಿತು.

ಸೆಪ್ಟೆಂಬರ್ 8

ಮಧ್ಯಾಹ್ನ ಕೌಂಟರಿಗೆ ಒಬ್ಬಾಕೆ ಬಂದರು. ಇಪ್ಪತ್ತಾರೋ ಇಪ್ಪತ್ತೇಳೋ. ಸೋಪಿನ ಫ್ಯಾಕ್ಟರಿಯ ನೀಲಿ ಮೇಲಂಗಿ. ಜೇಬಿನ ಮೇಲೆ ಬ್ಯಾಡ್ಜ್ ಕಿತ್ತ ಗುರುತು.

"ಮೇಡಂ, ನನ್ನ ಮಗ ಒಂದು ದಿನಾನೂ ಪೂರ್ತಿ ಇರಲಿಲ್ಲ. ಇದರಲ್ಲಿ ಒಂದು ವರ್ಷ ಅಂತಿದೆ."

ನಮ್ಮ ಸರ್ಟಿಫಿಕೇಟು. ಮಗು ಹೋದರೆ ಫ್ಯಾಕ್ಟರಿಯಲ್ಲಿ ಆರು ವಾರ ರಜೆ ಉಂಟಂತೆ, ಕಾಗದ ತೋರಿಸಬೇಕಂತೆ. ತೋರಿಸಿದ್ದಾರೆ. 'ಹೋದ ತಿಂಗಳು ತಾನೇ ಬಸುರಿ ಅಂತ ಕೂತು ಮಾಡೋ ಕೆಲಸ ಕೇಳಿದ್ಯಲ್ಲ, ಒಂದು ವರ್ಷದ ಮಗು ಎಲ್ಲಿಂದ ಬಂತು' ಎಂದು ಕೇಳಿದರಂತೆ. ಸುಳ್ಳು ಕಾಗದ ತಂದಳೆಂದು ಕೆಲಸದಿಂದಲೇ ತೆಗೆದರಂತೆ.

ದೊಡ್ಡಪ್ಪನ ಮಾರ್ಚಿನ ಫೋನು ಆಗ ನೆನಪಾಯಿತು; ಸರಿ ಮಾಡಿಯೇ ಇರಲಿಲ್ಲ. "ನೋಡ್ತೀನಿ, ಹತ್ತು ದಿನ ಬಿಟ್ಟು ಬನ್ನಿ" ಎಂದೆ. ಅಷ್ಟೇ.

ಸೆಪ್ಟೆಂಬರ್ 9

ಆಕೆಯ ದೂರು ಕೈಯಲ್ಲಿ ಹಿಡಿದು ಮ್ಯಾನೇಜರ್ ಕರೆದರು. "ಯಾರದ್ರೀ ಈ ಎಡವಟ್ಟು? ಎರಡು ಸಾಲು ಬರೆದುಕೊಡಿ."

ಬರೆದೆ. 'ಮಾಹಿತಿ ನಮೂದಿಸುವಾಗ ಆದ ಲೋಪ.' ಸುಳ್ಳಲ್ಲ. ನಮೂದಿಸುವಾಗಲೇ ಆದದ್ದು. ನಮೂದಿಸಿದ್ದು ದೊಡ್ಡಪ್ಪ. ಹಾಗೆ ಹಾಕಿ ಎಂದವರು ಯಾರೆಂದು ಮ್ಯಾನೇಜರ್ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಸೆಪ್ಟೆಂಬರ್ 11

ದೊಡ್ಡಪ್ಪನಿಗೆ ಮೆಮೊ. ಉಗ್ರಾಣಕ್ಕೆ ವರ್ಗ. ನಿವೃತ್ತಿಗೆ ಇನ್ನು ಹತ್ತು ವಾರ. ನನ್ನ ಹೆಸರೆತ್ತದೆ ಸಹಿ ಹಾಕಿ ಹೋದರಂತೆ.

ಸೆಪ್ಟೆಂಬರ್ 13, ಭಾನುವಾರ

ಅಮ್ಮನಿಗೆ ಹೇಳಿದೆ. ಎಲ್ಲ — ಮೆಮೊ ಒಂದು ಬಿಟ್ಟು. ಮೂವತ್ತೆರಡು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಬಟ್ಟೆ ಮಡಚುತ್ತಿದ್ದ ಕೈ ನಿಂತಿತು.

"ಎಳೆಗೂಸಿನ ವಯಸ್ಸನ್ನ ಯಾರಾದ್ರೂ ವರ್ಷದಲ್ಲಿ ಕೇಳ್ತಾರೇನೇ?"

"ಹೊಳೀಲಿಲ್ಲಮ್ಮ."

"ಗೊತ್ತಿರೋಳು ಪಕ್ಕದ ರೂಮಲ್ಲೇ ಇದ್ದೆ. ನನ್ನ ಕೇಳೋಕೆ ಬಸ್ ಹತ್ತಬೇಕಿತ್ತಾ?"

ಆಮೇಲೆ ತಾನೇ ಪೆನ್ನು ತೆಗೆದುಕೊಂಡಳು. ಹಳೆಯ ಲಕೋಟೆಯ ಹಿಂದೆ ಬರೆದಳು. ಮೊದಲ ದಿನ ಗಂಟೆ. ಮೊದಲ ತಿಂಗಳು ದಿನ. ಮೊದಲ ವರ್ಷ ತಿಂಗಳು. ಆಮೇಲೆ ವರ್ಷ. "ಇನ್ನೊಂದು. ಉಸಿರಾಡ್ತೋ ಇಲ್ವೋ ಅದನ್ನ ಮೊದಲು ಕೇಳು. ಉಸಿರೇ ಆಡದಿದ್ರೆ ವಯಸ್ಸಿನ ಮಾತೇ ಎತ್ತಬೇಡ. ಅಲ್ಲಿ ನಿಂತಿರೋರಿಗೆ ಅಷ್ಟಾದ್ರೂ ಸಂಕಟ ತಪ್ಪುತ್ತೆ."

ಸೆಪ್ಟೆಂಬರ್ 16

ಹೊಸ ಬಗೆಯ ಫೀಲ್ಡ್. ಎಲ್ಲಿಂದಲೂ ಎತ್ತಿದ್ದಲ್ಲ, ಮೊದಲ ಸಾಲಿನಿಂದ ಇದಕ್ಕೆಂದೇ ಬರೆದದ್ದು. ಹೆಸರು 'ಆಯಸ್ಸು'. ಉಸಿರಾಡಿತ್ತು ಎಂದರೆ ಮಾತ್ರ ತೆರೆಯುತ್ತದೆ. ಒಂದು ಅಂಕಿ, ಪಕ್ಕದಲ್ಲಿ ಗಂಟೆ, ದಿನ, ತಿಂಗಳು, ವರ್ಷ — ಒಂದನ್ನು ಆರಿಸಬೇಕು. ಗಂಟೆಯಾದರೆ ಇಪ್ಪತ್ಮೂರು ದಾಟಬಾರದು. ತಿಂಗಳಾದರೆ ಹನ್ನೊಂದು. ಹುಟ್ಟಿದ ಹೊತ್ತು, ಹೋದ ಹೊತ್ತು ಎರಡಕ್ಕೂ ತಾಳೆಯಾದರೆ ಮಾತ್ರ ಫಾರ್ಮ್ ಮುಂದಕ್ಕೆ ಹೋಗುತ್ತದೆ.

ಕೆಂಪು ಬಣ್ಣ ತೆಗೆದೆ. 'ಸರಿಯಾದ ವಯಸ್ಸು' ಎಂಬ ಮಾತನ್ನೂ ತೆಗೆದೆ. ಸಾಯಲು ಸರಿಯಾದ ವಯಸ್ಸು ಯಾವುದು? ಆರು ತಿಂಗಳು ಅದನ್ನೇ ಕೇಳುತ್ತಿತ್ತು ನನ್ನ ಫಾರ್ಮು, ಗಂಡಸರು ಹೆಂಗಸರು ಎದುರಿಗೆ ನಿಂತಿರುವಾಗ. ಈಗ 'ದಯವಿಟ್ಟು ಇನ್ನೊಮ್ಮೆ ನೋಡಿ' ಎಂದಷ್ಟೇ ಇಟ್ಟೆ.

ಟೆಸ್ಟ್ ಮಾಡಬೇಕಲ್ಲ. ಇಲ್ಲದ ಮಕ್ಕಳನ್ನು ಹುಟ್ಟಿಸಿ ಸಾಯಿಸುತ್ತ ಕೂತೆ. ಮೂರು ಗಂಟೆ. ಹನ್ನೊಂದು ದಿನ. ಇಪ್ಪತ್ಮೂರು ಗಂಟೆ. ನಡುವೆ ಎರಡು ಸಲ ಎದ್ದು ಹೋಗಿ ಮುಖ ತೊಳೆದುಕೊಂಡೆ.

ಸೆಪ್ಟೆಂಬರ್ 17

ಹಳೆಯ ದಾಖಲೆ ಜಾಲಾಡಿದೆ. 'ಒಂದು ವರ್ಷ' ಎಂದಿರುವವು ಹದಿನೇಳು. ಆಸ್ಪತ್ರೆಯ ಚೀಟಿಗಳ ಜೊತೆ ಹೋಲಿಸಿದೆ. ನಿಜಕ್ಕೂ ವರ್ಷದ ಮಕ್ಕಳು ಮೂರೇ. ಉಳಿದವು ಹದಿನಾಲ್ಕು ಮನೆಗಳು.

ಹದಿನಾಲ್ಕರಲ್ಲೂ ಷರಾ ಕಾಲಮ್ಮಿನಲ್ಲಿ ದೊಡ್ಡಪ್ಪ ಬರೆದಿದ್ದಾರೆ. 'ಒಂದು ವರ್ಷವಲ್ಲ. ಮೂರು ದಿನ.' 'ಒಂದು ವರ್ಷವಲ್ಲ. ಹುಟ್ಟಿದ ದಿನವೇ.' ಒಂದೊಂದೇ ಅಕ್ಷರ, ಒಂದೇ ಬೆರಳಲ್ಲಿ. ಸರ್ಟಿಫಿಕೇಟಿನಲ್ಲಿ ಷರಾ ಅಚ್ಚಾಗುವುದಿಲ್ಲ; ಜಾಗ ಸಾಲದೆಂದು ಅದನ್ನು ಬಿಟ್ಟವಳೂ ನಾನೇ. ನಾನು ನೋಡುತ್ತೇನೆಂದು ನಂಬಿ ಬರೆಯುತ್ತ ಹೋಗಿದ್ದಾರೆ. ನಾನು ಒಂದು ದಿನವೂ ತೆರೆದು ನೋಡಲಿಲ್ಲ.

ಸೆಪ್ಟೆಂಬರ್ 18

ಸೋಪಿನ ಫ್ಯಾಕ್ಟರಿಯಾಕೆ ಬಂದರು. ತಿದ್ದಿದ ಕಾಗದ ಕೊಟ್ಟೆ. 'ಆಯಸ್ಸು: 9 ಗಂಟೆ'.

ಓದಿದರು. "ಒಂಬತ್ತು ಗಂಟೆ ನಲವತ್ತು ನಿಮಿಷ, ಮೇಡಂ."

"ಇದರಲ್ಲಿ ಗಂಟೆ ಮಾತ್ರ ಬರುತ್ತೆ..."

"ಒಂಬತ್ತು ಗಂಟೆ ಗಾಜಿನ ಪೆಟ್ಟಿಗೇಲಿದ್ದ. ನನ್ನ ಕೈಗೆ ಕೊಟ್ಟಿದ್ದು ಆಮೇಲೆ. ಆ ನಲವತ್ತು ನಿಮಿಷಾನೇ ಬಿಟ್ಟಿದ್ದೀರಲ್ಲ."

ದನಿ ಏರಿಸಲಿಲ್ಲ. ಏರಿಸಿದ್ದರೆ ವಾಸಿಯಿತ್ತು. ಕೂರಿಸಿ ಒಳಗೆ ಬಂದೆ. ಒಂದೂವರೆ ಗಂಟೆ ಹಿಡಿಯಿತು, ನಿಮಿಷಕ್ಕೆ ಜಾಗ ಮಾಡಲು. ಹೊಸ ಕಾಗದದಲ್ಲಿ ನಿಮಿಷದ ಅಂಕಿಯನ್ನು ಬೆರಳಿಟ್ಟು ಓದಿದರು. ಆಮೇಲೆ ಕೇಳಿದರು: "ಫ್ಯಾಕ್ಟರಿಯವರು ನಂಬ್ತಾರಾ? ಮೊದಲಿನದಕ್ಕೂ ಇದೇ ಸೀಲಿತ್ತು."

ಸೆಪ್ಟೆಂಬರ್ 19

ಉಗ್ರಾಣಕ್ಕೆ ಹೋದೆ. ದೊಡ್ಡಪ್ಪ ಪೊರಕೆಗಳ ಕಟ್ಟು ಬಿಚ್ಚಿ ಗೋಡೆಗೆ ಒರಗಿಸುತ್ತಿದ್ದರು.

"ನಾನು ಹೇಳಿದ್ದಕ್ಕೆ ಹಾಕಿದ್ದು ಅಂತ ಯಾಕೆ ಹೇಳಲಿಲ್ಲ ದೊಡ್ಡಪ್ಪಾ?"

"ನೀವೇ ಹೇಳ್ತೀರೇನೋ ಅಂತ ಕಾದೆ, ಮೇಡಂ."

ನೀವು. ಮೇಡಂ.

ಕೈ ಒರೆಸಿಕೊಂಡು ಸ್ಟೂಲು ಎಳೆದು ಕೊಟ್ಟರು. ಕೂರುವ ಮುಖವಿರಲಿಲ್ಲ. ಕೂತೆ.

ಸೆಪ್ಟೆಂಬರ್ 21

ಮ್ಯಾನೇಜರಿಗೆ ಪತ್ರ ಕೊಟ್ಟೆ. ನಾಲ್ಕು ಸಾಲು. ಫಾರ್ಮ್ ನನ್ನದು, ಒಂದು ಎಂದು ಹಾಕಿಸಿದ್ದು ನಾನು, ಸರಿ ಮಾಡುತ್ತೇನೆಂದು ಮಾಡದಿದ್ದವಳು ನಾನು, ಒಂಬತ್ತನೇ ತಾರೀಖಿನ ನನ್ನ ವಿವರಣೆ ನುಣುಚಿಕೊಳ್ಳಲು ಬರೆದದ್ದು.

"ಮುಗಿದ ವಿಷಯ ಯಾಕ್ರೀ ಕೆದಕ್ತೀರಿ? ಮೆಮೊ ನಿಮ್ಮ ಹೆಸರಿಗೆ ತಿರುಗುತ್ತೆ."

"ತಿರುಗಲಿ ಸಾರ್."

ತಿರುಗಿತು. ದೊಡ್ಡಪ್ಪನದು ರದ್ದು. ವಾಪಸ್ಸು ಬನ್ನಿ ಎಂದರೆ ಅವರು ಬರಲಿಲ್ಲ. 'ಉಳಿದ ದಿನ ಇಲ್ಲೇ ಕಳೀತೀನಿ' ಎಂದು ಹೇಳಿ ಕಳಿಸಿದರು. ಅಮ್ಮನಿಗೆ ಮೆಮೊ ಸಂಗತಿಯನ್ನೂ ಹೇಳಿದೆ. ಬೈಯಲಿಲ್ಲ. ಎದ್ದು ಹೋಗಿ ದೀಪ ಹಾಕಿದಳು.

ಸೆಪ್ಟೆಂಬರ್ 24, ಬೆಳಿಗ್ಗೆ 10.40

ಸೋಪಿನ ಫ್ಯಾಕ್ಟರಿ, ಆಫೀಸಿನ ಹೊರಗಿನ ಬೆಂಚು. ಇಲ್ಲೇ ಕೂತು ಬರೆಯುತ್ತಿದ್ದೇನೆ. ನಿನ್ನೆ ಆಕೆಗೆ ಫೋನ್ ಮಾಡಿ, ತಪ್ಪು ನನ್ನದೇ, ನಾನೂ ಬರುತ್ತೇನೆ ಎಂದೆ. "ಬನ್ನಿ" ಎಂದರು. ಗೇಟಿನಿಂದ ಇಲ್ಲಿಯವರೆಗೆ ಜೊತೆಗೇ ನಡೆದೆವು.

ಮಿಕ್ಕ ಹದಿಮೂರು ಮನೆಗಳಲ್ಲಿ ಐದಕ್ಕೆ ಹೇಳಿಯಾಯಿತು. ಒಬ್ಬರು ಫೋನ್ ಇಟ್ಟೇಬಿಟ್ಟರು. ನಾಳೆ ಮತ್ತೆ ಮಾಡಬೇಕು.

ಬಾಗಿಲಿನ ಗಾಜಿನಿಂದ ಕಾಣುತ್ತಿದೆ. ಆಕೆ ನಿಂತೇ ಇದ್ದಾರೆ, ಯಾರೂ ಕೂರಲು ಹೇಳಿಲ್ಲ. ಮೇಜಿನವರು ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡುತ್ತಿದ್ದಾರೆ. ತಲೆ ಅಲ್ಲಾಡಿಸುತ್ತಿದ್ದಾರೆ. ಆಕೆ ಈ ಕಡೆ ತಿರುಗಿ ಬಾಗಿಲು ತೋರಿಸಿದರು. ಕರೆಯುತ್ತಾರೆ ಈಗ. ಮೊದಲು ಏನು ಹೇಳಲಿ... ನಮಸ್ಕಾರ. ಇವರು ಸುಳ್ಳು ಹೇಳಿಲ್ಲ. ಹೇಳಿದವಳು —