ಮಗಳ ಮಾತ್ರೆ ನಿಲ್ಲಿಸಿದ ಭಾವನಿಗೆ

ತಿಪಟೂರು
ಗುರುವಾರ

ಹಂದನಕೆರೆಯ ದಾಸಣ್ಣ ಭಾವನವರಿಗೆ ತಿಪ್ಪೇಸ್ವಾಮಿಯ ನಮಸ್ಕಾರ.

ಫೋನಾದರೆ ಅರ್ಧಕ್ಕೇ ಕಟ್ ಮಾಡ್ತೀರಿ, ಅದಕ್ಕೇ ಬಸ್ಸಿನ ಕಂಡಕ್ಟರ್ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ.

ಸಿಂಚನಳ ರಕ್ತ ಸರಿಹೋಯ್ತು, ಕೂದಲೂ ಬಂತು, ಇನ್ನು ಮಾತ್ರೆ ಯಾಕೆ ಎಂದು ನಿಲ್ಲಿಸಿದ್ದೀರಂತೆ. ಅಕ್ಕ ಹೇಳಿದಳು. ರಕ್ತದ ಕ್ಯಾನ್ಸರ್ ವಾಸಿಯಾಗುವಂಥದ್ದೇ, ಆದರೆ ಎರಡೂವರೆ ವರ್ಷದ ಚಿಕಿತ್ಸೆ ಪೂರ್ತಿ ಆಗಬೇಕು ಎಂದು ಡಾಕ್ಟರಮ್ಮ ಹೇಳಿದ್ದು ನಮ್ಮಿಬ್ಬರ ಎದುರಿಗೇ. ಆಗಿರುವುದು ಹತ್ತೇ ತಿಂಗಳು. ಪರೀಕ್ಷೆಗೂ ಕಾಣದಷ್ಟು ರೋಗ ಒಳಗೆ ಉಳಿದಿರಬಹುದಂತೆ.

ನೀವು ಕೊಬ್ಬರಿ ಮಾಡುವವರು. ಅಟ್ಟದ ಮೇಲಿನ ಕಾಯಿ ಹೊರಗೆ ಒಣಗಿದ ಮಾತ್ರಕ್ಕೆ, ವರ್ಷ ತುಂಬುವ ಮೊದಲೇ ಒಡೆಯುತ್ತೀರಾ? ಹೋದ ವರ್ಷ ರೇಟು ಬಂತೆಂದು ಎಂಟನೇ ತಿಂಗಳಿಗೇ ಇಳಿಸಿ ಎಂದು ನಾನು ಅಂದಾಗ, ‘ಒಳಗಿನ್ನೂ ಹಸಿ ಐತೆ ಕಣಯ್ಯ’ ಎಂದು ಏಣಿಯನ್ನೇ ಬಚ್ಚಿಟ್ಟವರು ನೀವು!

ತಪ್ಪಿದ ದಿನಗಳ ಬಗ್ಗೆ ಡಾಕ್ಟರಮ್ಮನಿಗೆ ಹೇಳಿದ್ದೇನೆ. ಬೈಯಲಿಲ್ಲ, ತಕ್ಷಣ ಕರೆತನ್ನಿ ಎಂದರು. ನಾಳೆ ಬೆಳಿಗ್ಗೆ ಆರಕ್ಕೆ ಕಾರು ತರುತ್ತೇನೆ. ಹಳೇ ರಿಪೋರ್ಟುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಡಿ.

ಸಿಂಚನ ಆಗಲೇ ತಯಾರು. ‘ಅಪ್ಪ ಬರದಿದ್ರೆ ಬುಡು ಮಾವ, ನಾವೇ ಹೋಗಾನ’ ಎಂದು ಅಕ್ಕನ ಫೋನಿನಲ್ಲಿ ಅಂದಳು. ಅಷ್ಟು ಧೈರ್ಯದವಳು ಸೂಜಿ ಕಂಡಾಗ ಮಾತ್ರ ಹುಡುಕುವುದು ನಿಮ್ಮ ಕೈಯನ್ನು. ನನ್ನದನ್ನು ಒಮ್ಮೆ ಕೊಟ್ಟು ನೋಡಿದೆ, ಒಪ್ಪಲಿಲ್ಲ.

ನಿಮ್ಮ ಭಾಮೈದ,
ತಿಪ್ಪೇಸ್ವಾಮಿ