ಮಕ್ಕಳಿಲ್ಲದ ಊರಿಗೆ ಟೀಚರ್ ಬೇಕು

ಮಾನ್ಯ ಫೆಲೋಶಿಪ್ ನಿರ್ದೇಶಕರೇ,

ನಮ್ಮ ಟೀಚರನ್ನು ವಾಪಸ್ ಕಳಿಸಿ. ಸುತ್ತಿಬಳಸಿ ಬರೆಯುವಷ್ಟು ತಾಳ್ಮೆ ನನ್ನಲ್ಲಿ ಉಳಿದಿಲ್ಲ.

ಹಿಂದುಳಿದ ಶಾಲೆಗಳಿಗೆ ಯುವ ನಾಯಕರನ್ನು ಕಳಿಸುವುದು ನಿಮ್ಮ ಸಂಸ್ಥೆಯ ಧ್ಯೇಯವಂತೆ. ನಾಯಕರಿಗೆ ಗಡಿಯಾಚೆಯ ನಮ್ಮ ನ್ಯಾಲ್ಕಲ್ ಕಡೆ ಎಂದೂ ಬರವಿಲ್ಲ. ಚುನಾವಣೆ ಬಂದರೆ ಜೀಪಿನ ತುಂಬ ಬರುತ್ತಾರೆ. ಬರವಿದ್ದದ್ದು ಕನ್ನಡ ಶಾಲೆಯಲ್ಲಿ ಪಾಠ ಹೇಳುವವರಿಗೆ. ಇದ್ದೊಬ್ಬ ಮಾಸ್ತರರು ನಿವೃತ್ತರಾದ ಮೇಲೆ ಆ ಜಾಗ ಖಾಲಿಯೇ ಇತ್ತು. ಆಗ ನೀವು ತಾಂಡೂರಿನ ಶಿರೀಷಾ ಅವರನ್ನು ಕಳಿಸಿದಿರಿ. ಆ ಉಪಕಾರ ಮರೆತಿಲ್ಲ. ಕೊಟ್ಟು ಕಿತ್ತುಕೊಂಡದ್ದನ್ನೂ ಮರೆಯಲಾರೆ.

ನಾವು ಕುರಿ ಸಾಕುವವರು. ತೊಗರಿ ರಾಶಿಯಾದ ಮೇಲೆ ಸಂಸಾರ ಸಮೇತ ಕುರಿ ಹೊಡೆದುಕೊಂಡು ಹೊಲದಿಂದ ಹೊಲಕ್ಕೆ ಹೋಗುತ್ತೇವೆ. ರಾತ್ರಿ ಅಲ್ಲೇ ಕುರಿ ತರುಬಿ ನಿಲ್ಲಿಸಿದರೆ ಹೊಲದವರಿಗೆ ಗೊಬ್ಬರ, ನಮಗೆ ಜೋಳ. ಮಕ್ಕಳನ್ನು ಊರಲ್ಲಿ ಯಾರ ಬಳಿ ಬಿಡುವುದು? ಶಿರೀಷಾ ಟೀಚರು ನಮ್ಮನ್ನು ಬೈಯಲಿಲ್ಲ. ಕರಿಹಲಗೆಯನ್ನು ಸ್ಕೂಟಿಗೆ ಕಟ್ಟಿಕೊಂಡು ಕುರಿಹಟ್ಟಿಗೇ ಬಂದರು. ಕುರಿ ಮೇಯಿಸಿ ಬಂದ ಮಕ್ಕಳಿಗೆ ಸಂಜೆ ಅಲ್ಲೇ ಶಾಲೆ. ನನ್ನ ಮಗಳು ಪೂರ್ಣಿಮಾ ಓದಲು ಕಲಿತದ್ದು ಹಾಗೆ.

ನಿಮ್ಮ ತಪಾಸಣೆಯವರು ಮಾತ್ರ ಬೆಳಗಿನ ಹೊತ್ತು ಊರಿಗೆ ಬಂದರು. ಶಾಲೆಗೆ ಬೀಗ. ಕಟ್ಟೆಯ ಮೇಲಿದ್ದವಳು, ವಯಸ್ಸಾಗಿ ಕುರಿ ಹಿಂದೆ ಬರಲಾರದೆ ಊರಲ್ಲುಳಿದ ನನ್ನ ತಾಯಿ ಮೋನಮ್ಮ ಒಬ್ಬಳೇ. ಮಕ್ಕಳನ್ನು ಕುರಿ ಕಾಯಲು ಹಚ್ಚಿದವರ ಮೇಲೆ ಕೇಸ್ ಹಾಕುತ್ತಾರೆಂದು ಅವಳು ಸಂತೆಯಲ್ಲಿ ಕೇಳಿದ್ದಳು. ಜೀಪು ಕಂಡದ್ದೇ ಕೇಸ್ ಹಾಕುವವರೇ ಬಂದರೆಂದುಕೊಂಡಳು.

“ಮಕ್ಕಳೆಲ್ಲಿ ಅಜ್ಜಿ?” ಎಂದರಂತೆ.

“ನಮ್ಮೂರಾಗ ಮಕ್ಕಳೇ ಇಲ್ರಿ ಸಾಹೇಬ್ರ. ಎಲ್ಲಾವೂ ಜಹೀರಾಬಾದ್ ಹಾಸ್ಟೆಲಿಗಿ ಹೋಗ್ಯಾವ.”

ಅಷ್ಟೇ ಸಾಕಾಯಿತು. ಮಕ್ಕಳಿಲ್ಲದ ಊರಿಗೆ ಟೀಚರ್ ಯಾಕೆಂದು ಅವರನ್ನು ನಾರಾಯಣಖೇಡಕ್ಕೆ ಹಾಕಿದಿರಿ. ಹಟ್ಟಿಯ ಶಾಲೆಯ ಬಗ್ಗೆ ಅವರು ಎಷ್ಟು ಹೇಳಿಕೊಂಡರೂ, ಕಟ್ಟಡದ ಹೊರಗಿನ ಪಾಠ ಪಾಠವಲ್ಲ ಎಂದಿರಂತೆ. ಹೆದರಿದ ಮುದುಕಿಯ ಸುಳ್ಳು ನಂಬಿದಿರಿ, ನೀವೇ ಆರಿಸಿದ ನಾಯಕಿಯ ನಿಜ ನಂಬಲಿಲ್ಲ. ನಾಯಕತ್ವದ ತರಬೇತಿ ಯಾರಿಗೆ ಬೇಕಿತ್ತು ಸ್ವಾಮಿ?

ನನ್ನ ತಾಯಿಗೆ ಈಗ ಊಟ ಸೇರುತ್ತಿಲ್ಲ. “ನನ್ನ ಬಾಯಾಗ ಮಣ್ಣು ಬೀಳ್ಲಿ, ಕೂಸಿನ ಓದು ನಾನೇ ಕೆಡಿಸ್ದೆ” ಎಂದು ಅಳುತ್ತಾಳೆ. ಪೂರ್ಣಿಮಾ ಸಂಜೆಯಾದರೆ ಗೋಣಿತಟ್ಟು ಹಾಸಿ ದಾರಿ ನೋಡುತ್ತಾಳೆ. ಹತ್ತನೆಯವರೆಗೆ ಓದಿದವನು ನಾನೇ ಹೇಳಿಕೊಡೋಣವೆಂದು ಕೂತೆ. “ಟೀಚರ್ ಹಿಂಗ ಹೇಳ್ತಿದ್ದಿಲ್ಲಪ್ಪಾ” ಎಂದು ಪಾಟಿ ಎತ್ತಿಟ್ಟಳು. ಅವಳ ವಾರಿಗೆಯ ಹುಡುಗಿಯರು ಆಗಲೇ ಓದು ಮುಗಿಯಿತೆಂದು ತಿಳಿದಿದ್ದಾರೆ. ಇದೊಂದು ಬೇಸಿಗೆ ಹೀಗೇ ಕಳೆದರೆ ಇವಳೂ ಹಾಗೇ ತಿಳಿಯುತ್ತಾಳೆ. ನನಗೆ ಭಯವಾಗುತ್ತಿದೆ, ಬೇರೆ ಮಾತು ಸಿಗುತ್ತಿಲ್ಲ.

ಟೀಚರನ್ನು ಈ ವಾರವೇ ಕಳಿಸಿ. ನಂಬಿಕೆಯಿಲ್ಲದಿದ್ದರೆ ಸಂಜೆ ನೀವೇ ಹಟ್ಟಿಗೆ ಬಂದು ಮಕ್ಕಳನ್ನು ಕಣ್ಣಾರೆ ನೋಡಿ. ಕೇಸ್ ಹಾಕುವುದಿದ್ದರೆ ನನ್ನ ಮೇಲೆ ಹಾಕಿ, ಕೈಮುಗಿದು ಒಪ್ಪಿಕೊಳ್ಳುತ್ತೇನೆ. ಬರುವಾಗ ಮಾತ್ರ ಅವರನ್ನು ಕರೆದುಕೊಂಡು ಬನ್ನಿ.

ಇಂತಿ,
ಮಕ್ಕಳೇ ಇಲ್ಲದ ಊರಿನಿಂದ,
ಪೂರ್ಣಿಮಾಳ ತಂದೆ
ಹಣಮಂತರಾಯ