ಟ್ಯಾಂಕಿನ ಬಾಯಲ್ಲಿ ನಿಲ್ಲುವವನಿಗೆ

ಪ್ರೀತಿಯ ತಮ್ಮ,

ನಾಳೆ ಬೆಳಿಗ್ಗೆ ನಿನ್ನ ಭಾವ ಕಾರ್ಖಾನೆಯ ಹೊಲಸು ನೀರಿನ ಟ್ಯಾಂಕಿಗೆ ಇಳಿಯುತ್ತಾರೆ, ನೀನು ಮೇಲೆ ಹಗ್ಗ ಹಿಡಿದು ನಿಲ್ಲುತ್ತೀಯ. ಎದುರಿಗೆ ಕೂತು ಹೇಳಿದರೆ ನಗೆಯಾಡಿ ಎದ್ದುಹೋಗುತ್ತೀಯ. ಅದಕ್ಕೇ ಈ ಕಾಗದ.

ಪ್ರೆಸ್ಸಿನಲ್ಲಿ ಈಗ ನನಗೆ ಹಳೆಯ ಗ್ರೀಕ್ ಪುಸ್ತಕವೊಂದರ ಕರಡು ತಿದ್ದುವ ಕೆಲಸ. ಭಾಷೆ ಬಾರದು, ಗುರುತುಗಳನ್ನು ಮೂಲದ ಜೊತೆ ಹೋಲಿಸಿ ನೋಡುವುದಷ್ಟೇ. ಸ್ವರದಿಂದ ಶುರುವಾಗುವ ಪದಗಳ ಮೇಲೆಲ್ಲ ಉಗುರಿನ ಚೂರಿನಂಥ ಒಂದು ಡೊಂಕು ಗೆರೆ. ಅದರ ಹೆಸರೇ ಉಸಿರು ಎಂದರು ನಮ್ಮ ಸಂಪಾದಕರು. ಒಂದು ಕಡೆ ತಿರುಗಿದ್ದರೆ ಉಸಿರು ಬಿಟ್ಟು 'ಹ' ಸೇರಿಸಿ ಓದಬೇಕು, ಇನ್ನೊಂದು ಕಡೆ ತಿರುಗಿದ್ದರೆ ಬೇಡ. "ಉಸಿರಿಲ್ಲ ಅನ್ನೋದಕ್ಕೂ ಗುರುತು ಹಾಕಿದಾರಮ್ಮ, ಪುಣ್ಯಾತ್ಮರು" ಎಂದು ನಕ್ಕರು. ಉಸಿರು, ಗಾಳಿ, ಆತ್ಮ ಮೂರಕ್ಕೂ ಅವರಲ್ಲಿ ಒಂದೇ ಪದವಂತೆ. ನಮ್ಮಲ್ಲೂ ಪ್ರಾಣ ಅಂದರೆ ಉಸಿರೂ ಹೌದು, ಜೀವವೂ ಹೌದು. ನನಗೆ ನಗು ಬರಲಿಲ್ಲ.

ಆ ಟ್ಯಾಂಕಿನ ಮೇಲೆ ಅಂಥ ಗುರುತಿಲ್ಲ. ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. "ವಾಸನೆ ಹೋಯ್ತು ಅಂದ್ರೆ ಗಾಳಿ ಸರಿಹೋಯ್ತು ಅಂತ ಕಣೇ, ಇಳೀತೀವಿ" ಅನ್ನುತ್ತಾರೆ ನಿನ್ನ ಭಾವ, ಊಟಕ್ಕೆ ಕೂತುಕೊಂಡು. ವಿಷಗಾಳಿ ಹಾಗೇ ಇರುತ್ತದೆ, ಮೂಗು ಸತ್ತಿರುತ್ತದೆ. ಪಕ್ಕದ ಕಾರ್ಖಾನೆಯಲ್ಲಿ ಹೋದ ವರ್ಷ ಹೀಗೇ ಒಬ್ಬ ಬಿದ್ದ. ಎತ್ತಲು ಇಳಿದ ಗೆಳೆಯನೂ ಬಿದ್ದ. ಆ ಗೆಳೆಯನನ್ನು ಎತ್ತಲು ಹೋದ ಅವನ ಅಣ್ಣನೂ ಮೇಲೆ ಬರಲಿಲ್ಲ. ಗಾಳಿ ಊದುವ ಯಂತ್ರ ಕೆಟ್ಟಿದೆ, ರಿಪೇರಿಯಾಗುವವರೆಗೆ ಕಾಯಿರಿ ಎಂದೆ. ಮೇಸ್ತ್ರಿ ಕಾಯುವುದಿಲ್ಲವಂತೆ. ಬೇಡಿಕೊಂಡೆ, ಜಗಳವಾಡಿದೆ, ಗೋಡೆಗೆ ಹೇಳಿದ ಹಾಗಾಯಿತು.

ಅದಕ್ಕಿಂತ ಹೆಚ್ಚಿನ ಹೆದರಿಕೆ ನನಗೆ ನಿನ್ನದೇ. ಚಿಕ್ಕವನಿದ್ದಾಗ ನೀರಿನ ತೊಟ್ಟಿಯಲ್ಲಿ ತಲೆ ಮುಳುಗಿಸಿದರೆ ನಾನು ಕಿರುಚುವವರೆಗೂ ಮೇಲೇಳುತ್ತಿರಲಿಲ್ಲ. "ನಾನು ಮೀನು ಕಣಕ್ಕ" ಅನ್ನುತ್ತಿದ್ದೆ. ಈಗಲೂ ಅದೇ ಭಂಡ ಧೈರ್ಯ. ಉಸಿರು ಬಿಗಿಹಿಡಿದು ಇಳಿದು, ಭಾವನನ್ನು ಎತ್ತಿಕೊಂಡು ಬಂದೇಬಿಡುತ್ತೇನೆ ಅಂದುಕೊಳ್ಳುತ್ತೀಯ. ಭಾರ ಎತ್ತುವವನು ಉಸಿರು ಬಿಡಲೇಬೇಕು, ಬಿಟ್ಟವನು ಎಳೆದುಕೊಳ್ಳಲೇಬೇಕು.

ಅವರು ಬಿದ್ದರೆ ಹಗ್ಗ ಎಳಿ. ಕೂಗಿ ಜನ ಸೇರಿಸು. ಹಗ್ಗ ಎಲ್ಲಾದರೂ ಸಿಕ್ಕಿಕೊಂಡರೂ, ಅವರು ನಿನ್ನನ್ನೇ ಕರೆದರೂ ಇಳಿಯಬೇಡ. ಹೆಂಡತಿಯಾದವಳು ಬರೆಯುವ ಮಾತಲ್ಲ ಇದು. ಇದನ್ನು ಅವರ ಹತ್ತಿರ ಉಸಿರಬೇಡ.

ನಾಳೆ ಸಂಜೆ ಇಬ್ಬರೂ ಬನ್ನಿ. ಒಬ್ಬನೇ ಬರುವಂತಾದರೆ ಒಬ್ಬನೇ ಬಾ, ಬೇರೆಲ್ಲೂ ಹೋಗಬೇಡ. ಯಾಕೆ ಇಳಿಯಲಿಲ್ಲ ಎಂದು ನಾನು ಕೇಳುವುದಿಲ್ಲ.

ನೂರು ಕಾಲ ಉಸಿರಾಡಿಕೊಂಡಿರು.

ನಿನ್ನ ಅಕ್ಕ